ಬೆಳಗಿದ ಹಿತ್ತಾಳೆ

ಲೋಹಗಳಲ್ಲಿ ಹಿತ್ತಾಳೆಯಷ್ಟು ದುಡಿದು ಹಿತ್ತಾಳೆಯಷ್ಟು ನಿಂದೆಗೆ ಗುರಿಯಾದ ಲೋಹವು ಮತ್ತೊಂದಿರಲಾರದು. ಕೇಳಿದುದನ್ನೆಲ್ಲ ನಂಬುವವನ ಕಿವಿಗೆ ಹಿತ್ತಾಳೆಯ ಕಿವಿಯೆಂದು ಹೆಸರು. ಬಂಗಾರದ ಬಣ್ಣವನ್ನು ಹೊತ್ತಿದ್ದರೂ ಬಂಗಾರದ ಬೆಲೆಯಿಲ್ಲವೆಂಬುದೇ ಅದರ ಅಪರಾಧವಾಗಿದೆ. ಬಂಗಾರವು ಪೆಟ್ಟಿಗೆಯ ಕತ್ತಲೆಯಲ್ಲಿ ಕುಳಿತು ಗೌರವವನ್ನು ಪಡೆಯುತ್ತದೆ. ಹಿತ್ತಾಳೆಯು ಬಾವಿಗೆ ಇಳಿಯುತ್ತದೆ, ಒಲೆಯನ್ನೇರುತ್ತದೆ, ದೇವರ ಜಗುಲಿಯ ಮೇಲೆ ಎಣ್ಣೆಯ ಜಿಡ್ಡನ್ನು ಹೊತ್ತು ನಿಲ್ಲುತ್ತದೆ. ಹೀಗೆ ದುಡಿದುದರ ಫಲವಾಗಿ ಅದು ಕಪ್ಪಾಗುತ್ತದೆ. ಕಪ್ಪಾದುದನ್ನು ಬೆಳಗುವ ಕೆಲಸವು ಮನೆಗೆಲಸಗಳಲ್ಲಿ ಬಹು ಹಳೆಯದು. ಅದರ ಶಾಸ್ತ್ರವು ಗ್ರಂಥಗಳಿಂದ ಬಂದುದಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಕೈಯಿಂದ ಕೈಗೆ ಬಂದುದು.

ಬಾಗಲಕೋಟೆ ತಾಲೂಕಿನ ಶಿರೂರಿನಂಥ ಊರುಗಳಲ್ಲಿ ಈ ಶಾಸ್ತ್ರಕ್ಕೆ ವರ್ಷದಲ್ಲಿ ಎರಡು ಪರೀಕ್ಷೆಗಳುಂಟು. ಮೊದಲನೆಯದು ಮಹಾನವಮಿ. ಖಂಡೆಪೂಜೆಯ ದಿನ ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆಯ ಯಂತ್ರ, ಮೋಟಾರು ಗಾಡಿ ಎಲ್ಲವೂ ಆಯುಧಗಳೇ ಆಗಿ ಕುಂಕುಮವನ್ನು ಧರಿಸುತ್ತವೆ. ಎರಡನೆಯದು ದೀಪಾವಳಿಯ ನೀರು ತುಂಬುವ ಹಬ್ಬ. ಅಂದಿನ ಸಂಜೆಗೆ ಬಚ್ಚಲಿನ ಹಂಡೆಯು ಮದುವಣಗಿತ್ತಿಯಂತೆ ಹೊಳೆಯಬೇಕು. ಹುಣಸೆಹಣ್ಣು, ಒಲೆಯ ಬೂದಿ, ಇಟ್ಟಂಗಿಯ ಪುಡಿ, ತೆಂಗಿನ ನಾರು, ಇವೇ ಈ ಪರೀಕ್ಷೆಯ ಸಾಧನಗಳು. ಉಕ್ಕಿನ ಪಾತ್ರೆಗಳೂ ಪ್ಲಾಸ್ಟಿಕ್ ಕೊಡಗಳೂ ಬಂದ ಮೇಲೆ ಬೆಳಗಬೇಕಾದ ಪಾತ್ರೆಗಳ ಸಂಖ್ಯೆ ಕುಗ್ಗಿತಾದರೂ ಹಿರಿಯರ ಬಾಯಲ್ಲಿ ಶಾಸ್ತ್ರವು ಇನ್ನೂ ಉಳಿದಿದೆ. ತಿಕ್ಕಲು ಕುಳಿತ ಸೊಸೆಗೆ ಅತ್ತೆಯು ಹೇಳುವುದುಂಟು: “ತಿಕ್ಕೂದು ಆಮ್ಯಾಲೆ, ಮೊದಲ ಬಾರಿಸಿ ನೋಡವ್ವಾ. ಸೀಳಿದ ಕೊಡಾ ಎಷ್ಟ ಬೆಳಗಿದರೂ ನೀರ ಹಿಡಿಯೂದಿಲ್ಲ.”

ಈ ಮಾತು ಕೊಡವನ್ನು ಕುರಿತು ಹೇಳಿದುದು. ಅಲ್ಲಿ ಪರೀಕ್ಷೆ ತಪ್ಪಿದರೆ ಒಂದಿಷ್ಟು ನೀರು ಸೋರಿ ನೆಲ ಒದ್ದೆಯಾದೀತು. ಆದರೆ ಹಿತ್ತಾಳೆಯಿಂದಲೇ ಮಾಡಿದ ಇನ್ನೊಂದು ಪಾತ್ರೆಯುಂಟು. ಅದು ಬೆರಳಿನಷ್ಟು ಉದ್ದವಾದುದು, ಅಡುಗೆಮನೆಯನ್ನು ಎಂದೂ ಕಾಣದುದು. ಅದರ ಸೀಳನ್ನು ಕಾಣದೆ ಹೋದವನ ಕಣ್ಣೂ ಕೈಯೂ ಅಪಾಯಕ್ಕೆ ಒಳಗಾಗುತ್ತವೆ. ಬಂದೂಕದ ತೋಟೆಯೇ ಆ ಪಾತ್ರೆ. ಈಡು ಹಾರಿಸಿ ಬರಿದಾದ ತೋಟೆಯನ್ನು ಮತ್ತೆ ತುಂಬುವುದಕ್ಕಾಗಿ ತೊಳೆದು ಬೆಳಗುವ ಕೆಲಸವು, ಹಂಡೆಯನ್ನು ಬೆಳಗುವ ಕೆಲಸದ ಸಮೀಪದ ಬಂಧುವಾಗಿದ್ದರೂ ಅದಕ್ಕಿಂತ ಬಹಳ ಕಠಿಣವಾದ ನಿಯಮಗಳಿಗೆ ಒಳಪಟ್ಟಿದೆ.

ಬಡಗಣ ಜಿಲ್ಲೆಗಳಲ್ಲಿ ಕಾಡತೂಸೆಂದೂ ಕೊಡಗು ಮಲೆನಾಡುಗಳಲ್ಲಿ ತೋಟೆಯೆಂದೂ ಕರೆಯುವ ಈ ವಸ್ತುವಿಗೆ ನಾಲ್ಕು ಅಂಗಗಳಿವೆ. ತಳದಲ್ಲಿ ಕಿಡಿಯನ್ನು ಕೊಡುವ ಕೇಪು. ಅದರ ಮುಂದೆ ಮದ್ದು. ಅದರ ಮುಂದೆ ಗುಂಡು ಅಥವಾ ಚರೆ. ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡ ಹಿತ್ತಾಳೆಯ ಕೊಳವೆ. ಈಡು ಹಾರಿದ ಮೇಲೆ ಕೇಪು ಸುಟ್ಟಿರುತ್ತದೆ, ಮದ್ದು ಹೊಗೆಯಾಗಿರುತ್ತದೆ, ಗುಂಡು ತನ್ನ ದಾರಿಯನ್ನು ಹಿಡಿದಿರುತ್ತದೆ. ಕೊಳವೆಯೊಂದೇ ಹಿಂದೆ ಉಳಿಯುತ್ತದೆ. ನಾಲ್ಕು ಅಂಗಗಳಲ್ಲಿ ಎರಡನೆಯ ಸಲ ಕೆಲಸಕ್ಕೆ ಬರುವಂಥದು ಅದೊಂದೇ. ಆದುದರಿಂದ ಅದನ್ನು ಎತ್ತಿಟ್ಟು, ತೊಳೆದು, ಹೊಸ ಕೇಪು ಮದ್ದು ಗುಂಡುಗಳನ್ನು ಕೂಡಿಸಿ ಮತ್ತೆ ಬಳಸುವ ಮಿತವ್ಯಯವು ಹಿತ್ತಾಳೆಯ ತೋಟೆಯ ಬಳಕೆಯಷ್ಟೇ ಹಳೆಯದೆನ್ನಬಹುದು. ಅಮೇರಿಕದಲ್ಲಿಯೂ ಯೂರೋಪಿನ ಹಲವು ದೇಶಗಳಲ್ಲಿಯೂ ಗುರಿಯಾಟದವರ ಮನೆಗಳಲ್ಲಿ ಇದು ಇಂದಿಗೂ ಬಹುಜನರ ಹವ್ಯಾಸವಾಗಿದೆ.

ಬಾಗಲಕೋಟೆಯ ಸೀಮೆಗೆ ಈ ಕೆಲಸವು ಮನೆಗೆಲಸವಾಗಿ ಬರಲಿಲ್ಲ. ಅದಕ್ಕೊಂದು ಇತಿಹಾಸವುಂಟು. ಇಂದು ಇದೇ ಜಿಲ್ಲೆಗೆ ಸೇರಿರುವ ಹಲಗಲಿಯು ಆಗ ಮುಧೋಳ ಸಂಸ್ಥಾನದ ಊರಾಗಿತ್ತು. ೧೮೫೭ರಲ್ಲಿ ಜನರೆಲ್ಲರೂ ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂಬ ನಿಶ್ಶಸ್ತ್ರೀಕರಣದ ಆಜ್ಞೆ ಹೊರಟಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವು ಅವರಿಗೆ ಜೀವನೋಪಾಯವೂ ಮಾನವೂ ಆಗಿತ್ತು. ಆ ವರ್ಷದ ನವೆಂಬರು ತಿಂಗಳ ಕೊನೆಯಲ್ಲಿ ಆಂಗ್ಲರ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಅನೇಕರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ಲಾವಣಿಕಾರರು ಹಾಡಿಟ್ಟುದರಿಂದ ಅದು ಮರೆಯಾಗದೆ ಉಳಿಯಿತು. ಆ ಬೇಡರ ಕೈಯಲ್ಲಿದ್ದ ಬಂದೂಕಗಳು ಬಾಯಿಂದ ಮದ್ದು ತುಂಬುವ ಬಂದೂಕಗಳು. ಈಡು ಹಾರಿದ ಮೇಲೆ ತೊಳೆದಿಡುವುದಕ್ಕೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ತೆಳ್ಳನೆಯ ಹಿತ್ತಾಳೆಯ ತಗಡನ್ನು ಸುತ್ತಿ ಮಾಡಿದ ಬಾಕ್ಸರನ ತೋಟೆಯು ಆಂಗ್ಲ ಸೈನ್ಯದ ಸ್ನೈಡರ್ ಬಂದೂಕಕ್ಕೆ ಬಂದುದು ೧೮೬೬ರ ಸುಮಾರಿಗೆ. ಹೀಗೆ ಹಿತ್ತಾಳೆಯ ತೋಟೆಯು ಆ ಸೈನ್ಯಕ್ಕೆ ಬರುವುದಕ್ಕೆ ಮೊದಲೇ ಈ ಸೀಮೆಯ ಸಾಮಾನ್ಯರ ಮನೆಯಿಂದ ಬಂದೂಕವು ಹೊರಬಿದ್ದು ಪರವಾನಗಿಯುಳ್ಳ ಕೆಲವರ ಸ್ವತ್ತಾಯಿತು. ಶಿರೂರಿನ ಮನೆಯಲ್ಲಿ ಹಿತ್ತಾಳೆಯೆಂದರೆ ಕೊಡ, ತಂಬಿಗೆ, ಸಮೆ; ತೋಟೆಯಲ್ಲ.

ಕೊಡಗಿನ ಮಾತು ಬೇರೆ. ೧೮೫೭ರ ತರುವಾಯ ದೇಶದಲ್ಲಿ ಆಯುಧಗಳನ್ನು ಕಸಿದುಕೊಳ್ಳುತ್ತಿದ್ದಾಗ ಆಂಗ್ಲ ಸರಕಾರವು ಕೊಡವರಿಗೆ ವಿನಾಯಿತಿಯನ್ನು ಕೊಟ್ಟಿತು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆ ಬಂದ ಮೇಲೂ ೧೯೬೩ರ ಪ್ರಕಟಣೆಯ ಮೂಲಕ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರ ವರೆಗೆ ವಿಸ್ತರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸಿ ನೆರೆಹೊರೆಗೆ ತಿಳಿಸುವ ಪದ್ಧತಿಯಿತ್ತು. ಸೆಪ್ಟೆಂಬರಿನ ಕೈಲ್‌ಪೊದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುವ ಪದ್ಧತಿ ಇಂದಿಗೂ ಇದೆ. ಖಂಡೆಪೂಜೆಗೂ ಇದಕ್ಕೂ ಭಾವದಲ್ಲಿ ಭೇದವಿಲ್ಲ. ಬೇಟೆಯು ಬದುಕಿನ ಭಾಗವಾಗಿದ್ದ ಕಾಲದಲ್ಲಿ ಅಂಥ ಮನೆಗಳಲ್ಲಿ, ಕೊಡಗಿನಲ್ಲಿ ಮಾತ್ರವಲ್ಲದೆ ಮಲೆನಾಡಿನ ತೋಟದ ಮನೆಗಳಲ್ಲಿಯೂ, ಪೂರ್ತಿ ಹಿತ್ತಾಳೆಯಿಂದ ಮಾಡಿದ ಚರೆಯ ತೋಟೆಗಳನ್ನು ಮತ್ತೆ ಮತ್ತೆ ತುಂಬಿ ಬಳಸುತ್ತಿದ್ದರು. ಕೋವಿಯು ಯಜಮಾನನದಾದರೂ ತೊಳೆಯುವ ಕೆಲಸಕ್ಕೆ ಬೇಕಾದ ಬಿಸಿನೀರೂ ಹುಳಿಯೂ ಒಲೆಯ ಬಳಿಯಿಂದಲೇ ಬರಬೇಕಾಗಿತ್ತು.

ಇಷ್ಟೊಂದು ಲೋಹಗಳಿರುವಾಗ ತೋಟೆಗೆ ಹಿತ್ತಾಳೆಯೇ ಏಕೆ ಬೇಕೆಂದು ವಾಚಕರು ಕೇಳಬಹುದು. ನೂರರಲ್ಲಿ ೭೦ ಪಾಲು ತಾಮ್ರ, ೩೦ ಪಾಲು ಸತುವು ಕೂಡಿದ ಹಿತ್ತಾಳೆಗೆ ಒಂದು ವಿಶೇಷ ಗುಣವುಂಟು. ಅದು ಹಿಗ್ಗಬಲ್ಲದು, ಹಿಗ್ಗಿದುದನ್ನು ಸ್ವಲ್ಪ ಹಿಂದೆಗೆದುಕೊಳ್ಳಲೂ ಬಲ್ಲದು. ಮದ್ದು ಹತ್ತಿದ ಕ್ಷಣದಲ್ಲಿ ಕೊಳವೆಯು ಹಿಗ್ಗಿ ಬಂದೂಕದ ಗೋಡೆಗೆ ಅಂಟಿಕೊಂಡು, ಬಿಸಿ ವಾಯುವು ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖಕ್ಕೆ ಬಡಿಯದಂತೆ ಬಾಗಿಲನ್ನು ಮುಚ್ಚುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ, ಹೊರಕ್ಕೆ ಎಳೆಯಲು ಸಡಿಲವಾಗುತ್ತದೆ. ಬಾಗಿಲು ಮುಚ್ಚುವ ಈ ಸೇವೆಯೇ ಅದರ ನಿಜವಾದ ಉದ್ಯೋಗ. ಆದರೆ ಸೇವೆಯ ಪ್ರತಿಯೊಂದು ಸಲವೂ ಲೋಹವು ಕೊಂಚ ಕೊಂಚ ಪೆಡಸಾಗುತ್ತದೆ. ಹಿಗ್ಗಿದ ಕೊಳವೆಯನ್ನು ಮತ್ತೆ ಅಳತೆಗೆ ತರಲು ಅಚ್ಚಿನಲ್ಲಿ ಒತ್ತಿದಾಗ ಇನ್ನಷ್ಟು ಪೆಡಸಾಗುತ್ತದೆ. ಕೊರಳಿನಲ್ಲಿ ಸೀಳು ಮೂಡುವುದು, ತಳದ ಮೇಲ್ಭಾಗದಲ್ಲಿ ಒಳಗಡೆ ಗೋಡೆ ತೆಳುವಾಗುವುದು, ಇವು ಅದರ ಮುಪ್ಪಿನ ಲಕ್ಷಣಗಳು. ಮಸಿಯ ಕೆಳಗೆ ಈ ಲಕ್ಷಣಗಳು ಕಾಣವು. ಮಸಿಯನ್ನು ತೆಗೆಯುವ ಮುಖ್ಯ ಪ್ರಯೋಜನವು ಇದೇ: ಲೋಹದ ವಯಸ್ಸು ಕಣ್ಣಿಗೆ ಕಾಣಬೇಕು.

ಆ ಮಸಿಯ ಸ್ವಭಾವವನ್ನು ಮೊದಲು ತಿಳಿಯಬೇಕು. ಹಳೆಯ ಕರಿಮದ್ದು ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೂ ಬೂದಿಯೂ ಆಗಿ ಉಳಿಯುತ್ತದೆ. ಆ ಬೂದಿಯು ಗಾಳಿಯ ತೇವವನ್ನು ಹೀರಿಕೊಂಡು ಹಿತ್ತಾಳೆಯನ್ನೂ ನಳಿಗೆಯನ್ನೂ ತಿನ್ನುತ್ತದೆ. ಆದುದರಿಂದ ಕರಿಮದ್ದಿನ ಕಾಲದ ಬೇಟೆಗಾರರು ತೋಟೆಗಳನ್ನು ಮರುದಿನಕ್ಕೆ ಉಳಿಸದೆ ಬಿಸಿನೀರಿನಲ್ಲಿ ಹಾಕುವುದು ಜಾಣತನವೆಂದು ಕಂಡುಕೊಂಡಿದ್ದರು. ಹಳೆಯ ಕೇಪುಗಳಲ್ಲಿ ಪಾದರಸದ ಸಂಯುಕ್ತವಿರುತ್ತಿತ್ತು. ಸುಟ್ಟ ಮೇಲೆ ಪಾದರಸವು ಹಿತ್ತಾಳೆಯೊಳಕ್ಕೆ ಇಳಿದು ಅದನ್ನು ಗಾಜಿನಂತೆ ಬಿರುಸು ಮಾಡುತ್ತಿತ್ತು. ಅಂಥ ತೋಟೆಯು ಎಷ್ಟು ಬೆಳಗಿದರೂ ಮರಳಿ ಕೆಲಸಕ್ಕೆ ಬಾರದು. ಈಗಿನ ಬಹುಪಾಲು ಕೇಪುಗಳಲ್ಲಿ ಪಾದರಸದ ಸ್ಥಾನವನ್ನು ಸೀಸದ ಸಂಯುಕ್ತವು ಆಕ್ರಮಿಸಿದೆ. ಅದು ಹಿತ್ತಾಳೆಯನ್ನು ಕೆಡಿಸದಿದ್ದರೂ ಮನುಷ್ಯನನ್ನು ಕೆಡಿಸುತ್ತದೆ. ತೋಟೆಯ ಒಳಗಿನ ಕರಿಯ ಧೂಳಿನಲ್ಲಿ ಸೀಸವಿರುತ್ತದೆ. ಧೂಳು ಉಸಿರಿನೊಡನೆ ಒಳಹೋಗುತ್ತದೆ, ಬೆರಳಿಗೆ ಅಂಟಿ ರೊಟ್ಟಿಯೊಡನೆ ಬಾಯಿಗೂ ಹೋಗುತ್ತದೆ. ಚಿಕ್ಕಮಕ್ಕಳ ಮಿದುಳಿಗೂ ಗರ್ಭದಲ್ಲಿರುವ ಶಿಶುವಿಗೂ ಸೀಸದಿಂದಾಗುವ ಹಾನಿ ಮತ್ತೆ ತುಂಬಿಬರುವಂಥದಲ್ಲ. ಆದುದರಿಂದ ತೋಟೆ ತೊಳೆಯುವ ಪಾತ್ರೆಯು ಅಡುಗೆಯ ಪಾತ್ರೆಯಾಗಕೂಡದು, ತೊಳೆಯುವ ಸ್ಥಳವು ಅಡುಗೆಮನೆಯ ಬಚ್ಚಲಾಗಕೂಡದು, ಒಣ ಧೂಳನ್ನು ಎಬ್ಬಿಸದೆ ಮೊದಲು ನೀರಿನಲ್ಲಿ ನೆನೆಸಬೇಕು, ಕೈಗವಸು ಧರಿಸಬೇಕು, ಕೆಲಸ ಮುಗಿದ ಮೇಲೆ ಉಣ್ಣುವ ಮೊದಲು ಸಾಬೂನು ಹಚ್ಚಿ ಕೈತೊಳೆಯಬೇಕು, ಮಕ್ಕಳನ್ನು ದೂರವಿಡಬೇಕು. ಹಂಡೆಯನ್ನು ಬೆಳಗುವಾಗ ಮಗುವು ಪಕ್ಕದಲ್ಲಿ ಕುಳಿತು ನೀರಾಡಿದರೆ ಮನೆಗೆ ಚೆಲುವು. ಇಲ್ಲಿ ಅದಕ್ಕೆ ಎಡೆಯಿಲ್ಲ.

ಇನ್ನು ಬೆಳಗುವ ಕ್ರಮ. ಮನೆಯ ಶಾಸ್ತ್ರವು ಇಲ್ಲಿ ಅರ್ಧ ಸರಿ, ಅರ್ಧ ತಪ್ಪು. ಹುಣಸೆಹಣ್ಣಿನ ವಿಷಯದಲ್ಲಿ ಅದು ಸರಿ. ಹಿತ್ತಾಳೆಯ ಮೇಲಿನ ಕಪ್ಪು ಬಹುಮಟ್ಟಿಗೆ ತಾಮ್ರವು ಗಾಳಿಯೊಡನೆ ಕೂಡಿ ಆದ ಕಿಟ್ಟ; ಹುಣಸೆಯ ಹುಳಿಯಲ್ಲಿರುವ ಆಮ್ಲವು ಅದನ್ನು ಕರಗಿಸುತ್ತದೆ, ಅದರ ಕೆಳಗಿನ ಗಟ್ಟಿ ಲೋಹವನ್ನು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಲಿಂಬೆಯ ಹುಳಿಯದೂ ಇದೇ ಗುಣ. ಪಾಶ್ಚಾತ್ಯರು ಬಳಸುವ ಬಿಳಿಯ ಹರಳಿನಂಥ ಸಿಟ್ರಿಕ್ ಆಮ್ಲವು ಲಿಂಬೆಯ ಸಾರವೇ ಹೊರತು ಬೇರೆಯಲ್ಲ. ಸಾಬೂನಿನ ಬಿಸಿನೀರಿನಲ್ಲಿ ಜಿಡ್ಡನ್ನು ಕಳೆದು, ತೆಳ್ಳನೆಯ ಹುಳಿನೀರಿನಲ್ಲಿ ಕೆಲವು ನಿಮಿಷ ನೆನೆಸಿದರೆ ಬಣ್ಣ ತಿಳಿಯಾಗುತ್ತದೆ. ಆದರೆ ಹುಳಿಗೂ ಮಿತಿಯುಂಟು. ಕಲಾಯಿಯಿಲ್ಲದ ಪಾತ್ರೆಯಲ್ಲಿ ಮಜ್ಜಿಗೆಯನ್ನಾಗಲಿ ಸಾರನ್ನಾಗಲಿ ಇಟ್ಟರೆ ಕಿಲುಬುವುದನ್ನು ಅರಿಯದ ಗೃಹಿಣಿಯಿಲ್ಲ. ಕಿಟ್ಟವನ್ನು ತಿನ್ನುವ ಹುಳಿಯೇ, ಹೊತ್ತು ಮೀರಿದರೆ, ಲೋಹವನ್ನೂ ತಿನ್ನುತ್ತದೆ. ಬಹಳ ಹೊತ್ತು ಹುಳಿಯಲ್ಲಿ ಬಿದ್ದ ತೋಟೆಯ ಹಳದಿ ಬಣ್ಣ ಹೋಗಿ ಕೆಂಪು ಛಾಯೆ ಮೂಡುತ್ತದೆ. ಮೇಲ್ಮೈಯಿಂದ ಸತುವು ಕಳಚಿ ತಾಮ್ರವು ಉಳಿದಿದೆಯೆಂಬುದಕ್ಕೆ ಅದು ಸೂಚನೆ. ಅಷ್ಟಕ್ಕೆ ಬಿಡದೆ ಮತ್ತೆ ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಿ ಹುಳಿಯ ಅಂಶವನ್ನು ಪೂರ್ಣವಾಗಿ ಕಳೆಯುವುದು ಅವಶ್ಯ.

ಬೂದಿ ಇಟ್ಟಂಗಿಗಳ ವಿಷಯದಲ್ಲಿ ಮನೆಯ ಶಾಸ್ತ್ರ ತಪ್ಪುತ್ತದೆ. ಹಂಡೆಯ ಹೊಟ್ಟೆಯ ಮೇಲೆ ಗೀರು ಬಿದ್ದರೆ ಹಂಡೆಗೆ ನಷ್ಟವಿಲ್ಲ. ತೋಟೆಯ ಗೋಡೆಯಾದರೋ ತೆಳುವಾದುದು. ಗೀರಿನಲ್ಲಿ ಸಿಕ್ಕಿಕೊಂಡ ಮರಳಿನ ಕಣವು ಅಚ್ಚನ್ನೂ ಬಂದೂಕದ ಒಳಮೈಯನ್ನೂ ಗೀಚಿ ಕೆಡಿಸುತ್ತದೆ. ಅದಕ್ಕಾಗಿ ಹೊರದೇಶದ ಹವ್ಯಾಸಿಗಳು ಲೋಹಕ್ಕಿಂತ ಮೆತ್ತಗೂ ಮಸಿಗಿಂತ ಗಡುಸಾಗಿಯೂ ಇರುವ ಪದಾರ್ಥವನ್ನು ಹುಡುಕಿದರು. ಅವರಿಗೆ ಅದು ದೊರೆತುದು ಹೊಲದಲ್ಲಿ. ಕಾಳು ಬಿಡಿಸಿದ ಗೋವಿನಜೋಳದ ತೆನೆಯ ಬೆಂಡನ್ನು ಒಡೆದು ಮಾಡಿದ ತರಿ, ಅಕ್ರೋಟಿನ ಚಿಪ್ಪಿನ ಪುಡಿ, ಇವುಗಳೊಡನೆ ತೋಟೆಗಳನ್ನು ಅಲುಗುವ ಪಾತ್ರೆಯಲ್ಲಿ ಹಾಕಿ ಕೆಲವು ತಾಸು ಬಿಡುತ್ತಾರೆ. ತರಿಯು ಒಂದೊಂದು ತೋಟೆಯನ್ನೂ ಸಾವಿರ ಸಲ ಸವರಿ ಮಸಿಯನ್ನು ಒರೆಸಿಕೊಳ್ಳುತ್ತದೆ. ಶಿರೂರಿನ ಸುತ್ತಿನ ಹೊಲಗಳಲ್ಲಿ ಉರುವಲಿಗೆ ಹೋಗುವ ಬೆಂಡು ಸಮುದ್ರದಾಚೆ ಪೊಟ್ಟಣದಲ್ಲಿ ಮಾರಾಟವಾಗುತ್ತದೆ. ಕೇಪು ಕೂಡುವ ತಳದ ಕುಳಿಯನ್ನು ಮಾತ್ರ ಬೇರೆಯಾಗಿ ಶುಚಿಮಾಡಬೇಕು. ಇಲ್ಲೊಂದು ವಿನೋದವುಂಟು. ೧೮೬೬ರಲ್ಲಿ ಆಂಗ್ಲನಾದ ಬಾಕ್ಸರನು ತಳದಲ್ಲಿ ಒಂದೇ ರಂಧ್ರವಿರುವ ಕ್ರಮವನ್ನೂ, ಅಮೇರಿಕದ ಬರ್ಡನನು ಎರಡು ಚಿಕ್ಕ ರಂಧ್ರಗಳ ಕ್ರಮವನ್ನೂ ಬಳಕೆಗೆ ತಂದರು. ಒಂದೇ ರಂಧ್ರವಿದ್ದರೆ ಸೂಜಿಯಂಥ ಕಡ್ಡಿಯಿಂದ ಸುಟ್ಟ ಕೇಪನ್ನು ಹೊರದೂಡಬಹುದು. ಎರಡಿದ್ದರೆ ಅದು ತೊಡಕು. ಆಂಗ್ಲನ ಕ್ರಮವು ಅಮೇರಿಕದಲ್ಲಿಯೂ ಅಮೇರಿಕದವನ ಕ್ರಮವು ಯೂರೋಪಿನ ಸೈನ್ಯಗಳಲ್ಲಿಯೂ ನೆಲೆಸಿತು. ಮನೆಯಲ್ಲಿ ತೋಟೆಯನ್ನು ಮರುತುಂಬುವ ಹವ್ಯಾಸವು ಅಮೇರಿಕದಲ್ಲಿ ಅಷ್ಟು ಬೆಳೆದುದಕ್ಕೆ ಇದೂ ಒಂದು ಕಾರಣ.

ಬೆಳಗುವವನ ಉತ್ಸಾಹವು ಅಪಾಯಕ್ಕೆ ತಿರುಗುವ ಒಂದು ಸ್ಥಳವುಂಟು. ಅದನ್ನು ಕಲಿಸಿದುದು ಭಾರತದ ಮಳೆಗಾಲವೇ. ಆಂಗ್ಲ ಸೈನ್ಯವು ಈ ದೇಶದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತೋಟೆಗಳನ್ನು ಕುದುರೆಲಾಯಗಳಲ್ಲಿ ಶೇಖರಿಸಿಡುತ್ತಿತ್ತು. ಮಳೆ ಕಳೆದು ತೆಗೆದುನೋಡಿದರೆ, ಯಾರೂ ಮುಟ್ಟದ, ಒಂದು ಈಡೂ ಹಾರದ ಹೊಸ ತೋಟೆಗಳು ತಮ್ಮಷ್ಟಕ್ಕೆ ಸೀಳಿರುತ್ತಿದ್ದವು. ಋತುವಿನೊಡನೆ ಬರುವ ಈ ವ್ಯಾಧಿಗೆ ಅವರು ಋತುಸೀಳು ಎಂಬರ್ಥದ ಹೆಸರಿಟ್ಟರು. ಕಾರಣವು ಬಹುಕಾಲ ತಿಳಿಯಲಿಲ್ಲ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಶೋಧಕರು ೧೯೨೧ರಲ್ಲಿ ಅದನ್ನು ಪ್ರಕಟಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ವಾಯುವು ತೇವದ ಗಾಳಿಯಲ್ಲಿ ಹಿತ್ತಾಳೆಯನ್ನು ಹೊಕ್ಕು ತಾಮ್ರವನ್ನು ಕರಗಿಸುತ್ತದೆ. ಕೊಳವೆಯನ್ನು ಎಳೆದು ಒತ್ತಿ ಮಾಡುವಾಗ ಲೋಹದೊಳಗೆ ಉಳಿದುಹೋದ ಬಿಗುವು ಸಡಿಲವಾದ ಆ ದಾರಿಯನ್ನು ಹಿಡಿದು ಸೀಳಾಗಿ ಹೊರಬೀಳುತ್ತದೆ. ಬಿಗುವೊಂದೇ ಇದ್ದರೆ ಸೀಳಿಲ್ಲ, ಅಮೋನಿಯಾ ಒಂದೇ ಇದ್ದರೆ ಸೀಳಿಲ್ಲ. ಎರಡೂ ಕೂಡಿದರೆ ತಪ್ಪುವುದಿಲ್ಲ. ಉಪಾಯವೂ ಇದರಿಂದಲೇ ಹೊರಟಿತು. ತೋಟೆಯನ್ನು ಮಂದವಾದ ಕಾವಿನಲ್ಲಿ ಹದಮಾಡಿ ಒಳಗಿನ ಬಿಗುವನ್ನು ಕಳೆಯಬೇಕು, ಒಣಗಿದ ಸ್ಥಳದಲ್ಲಿಡಬೇಕು. ಸೈನ್ಯದ ಹೊಸ ತೋಟೆಗಳ ಕೊರಳಿನಲ್ಲಿ ಕಾಣುವ ನೀಲಿಗಂದು ಬಣ್ಣದ ಕಲೆಯು ಕೊಳೆಯಲ್ಲ. ಕೊರಳಿಗೆ ಕಾವು ಕೊಟ್ಟುದರ ಗುರುತು. ಕಂಚುಗಾರನು ಪಾತ್ರೆಯನ್ನು ಬಡಿಯುವಾಗ ನಡುನಡುವೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುವುದೂ ಇದೇ ತತ್ವವನ್ನು ಅನುಸರಿಸಿದುದು.

ಕನ್ನಡ ನಾಡಿನವರಿಗೆ ಅಮೋನಿಯಾ ಅಪರಿಚಿತವಲ್ಲ. ಕಲಾಯಿಯವನು ಕೆಂಪಗೆ ಕಾಯ್ದ ಪಾತ್ರೆಯಲ್ಲಿ ತವರವನ್ನು ಒರೆಸುವ ಮೊದಲು ನವಸಾಗರವನ್ನು ಎರಚಿದಾಗ ಬುಸ್ಸೆಂದು ಏಳುವ ಬಿಳಿಯ ಹೊಗೆಯನ್ನು ಓಣಿಯ ಮಕ್ಕಳೆಲ್ಲ ಕಂಡವರೇ. ಬೀದರಿನ ಕುಶಲಿಗಳು ಕೋಟೆಯ ಮಣ್ಣಿಗೆ ನವಸಾಗರವನ್ನು ಕೂಡಿಸಿ, ಸತುವು ಹೆಚ್ಚಾಗಿರುವ ತಮ್ಮ ಪಾತ್ರೆಗೆ ಮಾಸದ ಕಪ್ಪನ್ನು ಬರಿಸುತ್ತಾರೆ. ಅದರ ಮೇಲೆ ಬೆಳ್ಳಿಯ ಬಳ್ಳಿ ಬೆಳದಿಂಗಳಂತೆ ಎದ್ದು ಕಾಣುತ್ತದೆ. ಒಂದೆಡೆ ಪಾತ್ರೆಗೆ ರಕ್ಷೆ, ಇನ್ನೊಂದೆಡೆ ಅಲಂಕಾರ. ಅದೇ ದ್ರವ್ಯದಿಂದ ಹೊರಡುವ ವಾಯುವು ತೋಟೆಗೆ ಮೃತ್ಯು. ಅಂಗಡಿಯಲ್ಲಿ ದೊರೆಯುವ ಹಿತ್ತಾಳೆಯ ಪಾಲಿಶುಗಳಲ್ಲಿ ಕೆಲವಕ್ಕೆ ಅಮೋನಿಯಾ ಕೂಡಿರುತ್ತದೆ. ಒಮ್ಮೆ ಒರೆಸಿದರೆ ದೀಪದ ಸಮೆಯು ಕನ್ನಡಿಯಾಗುವುದೇನೋ ನಿಜ; ಪದೇ ಪದೇ ಹಿಗ್ಗಿ ಕುಗ್ಗಿ ಬಿಗಿದ ತೋಟೆಗೆ ಅದನ್ನು ಹಚ್ಚಿದರೆ, ಅತಿ ಹೆಚ್ಚು ಹೊಳೆಯುವ ತೋಟೆಯೇ ಅತಿ ಹೆಚ್ಚು ಅಪಾಯಕರವಾದೀತು. ದನದ ಕೊಟ್ಟಿಗೆಯ ಪಕ್ಕದ ಗೂಡಿನಲ್ಲಿ ಅದನ್ನು ಇಡುವುದೂ ಅಷ್ಟೇ ಅವಿವೇಕ. ಕುದುರೆಲಾಯದ ಪಾಠವು ಕೊಟ್ಟಿಗೆಗೂ ಸಲ್ಲುತ್ತದೆ.

ಬೆಳಗಿ, ಒಣಗಿಸಿ, ಹಳೆಯ ನೂಲಿನ ಬಟ್ಟೆಯಿಂದ ಒರೆಸಿ ಸಾಲಾಗಿ ಇಟ್ಟ ಮೇಲೆ ನಿಜವಾದ ಕೆಲಸ ಪ್ರಾರಂಭವಾಗುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಬಾಯಿಯ ಅಂಚಿನಲ್ಲಿ ಕೂದಲಿನಂಥ ಗೆರೆಯಿದ್ದರೆ ಅದು ಸೀಳು. ತಳದ ಮೇಲೆ ಬಳಸಿಕೊಂಡು ಮಿಂಚುವ ಬಳೆಯಂಥ ಗೆರೆಯಿದ್ದರೆ ಒಳಗೋಡೆ ತೆಳುವಾಗಿದೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಇಳಿಸಿ ಸವರಿದಾಗ ಅದು ಅಲ್ಲಿ ತಡೆದರೆ ಸಂಶಯವೇ ಉಳಿಯಲಿಲ್ಲ. ಹೊಸ ಕೇಪು ಕುಳಿಯಲ್ಲಿ ಸಡಿಲವಾಗಿ ಕೂಡುವುದಾದರೆ ತಳವೇ ಸೋತಿದೆ. ಬಳಗಾದವರು ಇನ್ನೊಂದು ಪರೀಕ್ಷೆಯನ್ನೂ ಮಾಡುವರು. ಹಿಡಿಯಷ್ಟು ತೋಟೆಗಳನ್ನು ಅಂಗೈಯಲ್ಲಿ ಕುಲುಕಿದರೆ ಗಟ್ಟಿಯಾದವು ಗೆಜ್ಜೆಯಂತೆ ದನಿಗೊಡುತ್ತವೆ. ಅವುಗಳ ನಡುವೆ ಸೀಳಿದುದೊಂದಿದ್ದರೆ ದನಿಯು ಮಂಕಾಗುತ್ತದೆ. ಕೊಡವನ್ನು ಬಾರಿಸಿ ನೋಡೆಂದ ಅತ್ತೆಯ ಮಾತು ಇಲ್ಲಿಯೂ ಸಲ್ಲುತ್ತದೆ, ಇಲ್ಲಿಯೇ ಅದರ ಬೆಲೆ ಹೆಚ್ಚು. ಕಣ್ಣಿಗೆ ತಪ್ಪಿದುದು ಕಿವಿಗೆ ಸಿಕ್ಕುತ್ತದೆ. ಹಿತ್ತಾಳೆಯ ಪರೀಕ್ಷೆಗೆ ಹಿತ್ತಾಳೆಯ ಕಿವಿ ಸಾಲದು.

ಕಠಿಣವಾದುದು ತಿರಸ್ಕರಿಸುವ ಮನಸ್ಸು. ಒಂದು ತೋಟೆಯನ್ನು ತೊಳೆಯುವುದಕ್ಕೆ ಇಷ್ಟು ಶ್ರಮಪಟ್ಟವನು, ಅದು ಬಂಗಾರದಂತೆ ಹೊಳೆಯುತ್ತ ಕೈಯಲ್ಲಿರುವಾಗ, ಒಂದು ಕೂದಲಿನ ಗೆರೆಗಾಗಿ ಅದನ್ನು ಬಿಸಾಡಬೇಕು. ಮಿತವ್ಯಯವು ಆಗ ಕಿವಿಯಲ್ಲಿ ಪಿಸುಗುಟ್ಟುತ್ತದೆ: ಇನ್ನೊಂದು ಸಲಕ್ಕೆ ಬಂದೀತು. ಬೆಳಗುವ ಕೆಲಸಕ್ಕೆ ಇಳಿದವರು ಕಲಿಯಬೇಕಾದುದು ಈ ಪಿಸುಮಾತಿಗೆ ಕಿವಿಗೊಡದಿರುವುದನ್ನು. ಉಳಿಸಿದ ಕಾಸಿಗೆ ಪ್ರತಿಯಾಗಿ ಕಣ್ಣನ್ನು ಒಡ್ಡುವ ವ್ಯಾಪಾರವು ಯಾವ ಮನೆತನಕ್ಕೂ ಒಳ್ಳೆಯದಲ್ಲ. ತಿರಸ್ಕರಿಸಿದ ತೋಟೆಯ ಬಾಯನ್ನು ಒಡನೆಯೇ ಬಡಿದು ಚಪ್ಪಟೆ ಮಾಡುವುದು ಅನುಭವಿಗಳ ಪದ್ಧತಿ. ಇಂದು ತಿಳಿದು ಬದಿಗಿಟ್ಟುದನ್ನು ನಾಳೆ ತಿಳಿಯದೆ ಇನ್ನೊಬ್ಬರು ಎತ್ತಿಕೊಳ್ಳಬಾರದಲ್ಲವೆ?

ಇವೆಲ್ಲ ತೊಳೆಯುವ ಮಾತು. ತುಂಬುವ ಮಾತು ಬೇರೆ. ಅದು ಕಾನೂನಿಗೆ ಸೇರಿದುದು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಈ ದೇಶದಲ್ಲಿ ಅಪರಾಧವಾಗಿದೆ. ಕೊಡಗಿನ ವಿನಾಯಿತಿಯು ಕೋವಿಯನ್ನು ಹೊಂದುವುದಕ್ಕೂ ಒಯ್ಯುವುದಕ್ಕೂ ಸಂಬಂಧಿಸಿದುದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಕಾಲಕ್ಕೇ ಮಂಗಳ ಹಾಡಿತು. ಪೂರ್ತಿ ಹಿತ್ತಾಳೆಯ ಚರೆತೋಟೆಗಳ ಸ್ಥಾನದಲ್ಲಿ ತಳಕ್ಕೆ ಮಾತ್ರ ಲೋಹವಿರುವ ಪ್ಲಾಸ್ಟಿಕ್ ತೋಟೆಗಳು ಬಂದುವು. ಪುಣೆಯ ಬಳಿಯ ಖಡಕಿಯಲ್ಲಿ ೧೮೬೯ರಲ್ಲಿ ಸ್ಥಾಪಿತವಾದ ಮದ್ದುಗುಂಡಿನ ಕಾರ್ಖಾನೆಯು ಇಂದಿಗೂ ನಡೆಯುತ್ತಿದೆ. ಗುರಿಯಾಟದವರು ಸಾಮಾನ್ಯವಾಗಿ ಸಿದ್ಧ ತೋಟೆಗಳನ್ನೇ ಕೊಳ್ಳುವರು. ಸೈನ್ಯ ಪೋಲೀಸುಗಳ ಗುರಿಮೈದಾನದಲ್ಲಿ ಬರಿದಾದ ತೋಟೆಗಳನ್ನು ಎಣಿಸಿ ಒಪ್ಪಿಸಬೇಕಾಗುತ್ತದೆ. ಹೀಗೆ ತೋಟೆಯನ್ನು ತೊಳೆಯುವ ಮನೆಯ ಕೆಲಸವು ಈ ನಾಡಿನಲ್ಲಿ ಬಹುಮಟ್ಟಿಗೆ ಹಿರಿಯರ ನೆನಪಾಗಿ, ಹಳೆಯ ಮನೆಗಳ ಗೂಡುಗಳಲ್ಲಿ ಉಳಿದ ಒಂದೆರಡು ಕಂದಿದ ಕೊಳವೆಗಳಾಗಿ ನಿಂತಿದೆ.

ಅಂಥದೊಂದು ಕೊಳವೆ ಯಾರ ಮನೆಯಲ್ಲಾದರೂ ಸಿಕ್ಕಿದರೆ ಮಕ್ಕಳ ಕೈಗೆ ಆಟಕ್ಕೆ ಕೊಡತಕ್ಕದ್ದಲ್ಲ. ಅದರ ತಳದ ಕೇಪು ಸುಟ್ಟಿದೆಯೋ ಇಲ್ಲವೋ ಎಂಬುದನ್ನು ಬಲ್ಲವರಿಂದ ನೋಡಿಸಬೇಕು. ಸಂಶಯವಿದ್ದರೆ ಬಡಿಯದೆ, ಕಾಯಿಸದೆ, ಪೋಲೀಸರಿಗೆ ತಿಳಿಸಬೇಕು. ನಿಜವಾಗಿಯೂ ಬರಿದಾದುದಾದರೆ ಅದರಲ್ಲಿ ಉಳಿದಿರುವುದು ೭೦ ಪಾಲು ತಾಮ್ರ, ೩೦ ಪಾಲು ಸತುವು. ಕರಗಿಸಿದರೆ ಅದು ಒಳಗಿನ ಬಿಗುವನ್ನೂ ಹಾರಿದ ಈಡುಗಳನ್ನೂ ಮರೆತು ಮತ್ತೆ ಮೆತ್ತನೆಯ ಲೋಹವಾಗುತ್ತದೆ. ಕಂಚುಗಾರನ ಮೂಸೆಯಿಂದ ತಂಬಿಗೆಯಾಗಿಯೋ ಸಮೆಯಾಗಿಯೋ ಹೊರಬರಬಲ್ಲುದು. ಅದನ್ನು ಕೊಂಡ ಮನೆಯವರು ಮುಂದಿನ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಬೆಳಗುವರು, ಬೆಳಗುವ ಮೊದಲು ಒಮ್ಮೆ ಬಾರಿಸಿಯೂ ನೋಡುವರು.